ಕಣ್ಣಿನ ಹನಿ ತಯಾರಾಗಬೇಕಾದ ಜಾಗ ವಾರ್ಡಿನ ಮೇಜಲ್ಲ

ಭತ್ತದ ಗರಿ ತಾಗಿಯೋ ಕಾಫಿ ರೆಂಬೆ ಬಡಿದೋ ಕಣ್ಣುಗುಡ್ಡೆಯಲ್ಲಿ ಹುಣ್ಣಾಗುವುದು ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಹೊಸದೇನಲ್ಲ. ಗಿಡ ತಾಗಿ ಆದ ಗಾಯಕ್ಕೆ ಫಂಗಸ್ ಬೇಗ ಹತ್ತುತ್ತದೆ. ಫಂಗಸ್ ಕೊಲ್ಲುವ ನಟಮೈಸಿನ್ 5% ಹನಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಸರಿ. ಆದರೆ ಆಂಫೋಟೆರಿಸಿನ್ (ಇದೂ ಫಂಗಸ್‌ಗೆ), ಸೆಫಜೋಲಿನ್ (ಬ್ಯಾಕ್ಟೀರಿಯಾಗೆ) ಹನಿಗಳನ್ನು ಸಾಮಾನ್ಯವಾಗಿ ಇಂಜೆಕ್ಷನ್ ವಯಲ್‌ನಿಂದ ಆಸ್ಪತ್ರೆಯಲ್ಲೇ ಮಾಡಿಕೊಳ್ಳಬೇಕು. ಆ ಕೆಲಸವನ್ನು ವಾರ್ಡಿನ ಮೇಜಿನ ಮೇಲೆ, ತಿರುಗುವ ಫ್ಯಾನಿನ ಕೆಳಗೆ ಮಾಡುವುದಕ್ಕೆ ನನ್ನ ವಿರೋಧ.

ಲೆಕ್ಕ ಕಷ್ಟವಿಲ್ಲ. ಸೆಫಜೋಲಿನ್ 500 ಮಿ.ಗ್ರಾಂ.ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದರೆ 5% ಹನಿ. ಎಡವುವುದು ಆಂಫೋಟೆರಿಸಿನ್‌ನಲ್ಲಿ. 50 ಮಿ.ಗ್ರಾಂ. ವಯಲ್‌ಗೆ 10 ಮಿ.ಲೀ. ನೀರು, ಅದರಲ್ಲಿ 3 ಮಿ.ಲೀ. ಮಾತ್ರ ಬೇರೆ ತೆಗೆದುಕೊಂಡು ಆ 3 ಮಿ.ಲೀ.ಗೆ 7 ಮಿ.ಲೀ. ನೀರು: 0.15%. ಕೈಗೆ ಸಿಕ್ಕಿತೆಂದು ಸಲೈನ್ ಸುರಿದರೆ ಔಷಧ ಗಸಿಯಾಗಿ ಕೆಳಗೆ ಕೂರುತ್ತದೆ. 5% ಡೆಕ್ಸ್‌ಟ್ರೋಸ್ ಆದೀತು, ಸಲೈನ್ ಆಗದು. ಲೈಪೋಸೋಮಲ್ (ಕೊಬ್ಬಿನ ಸಣ್ಣ ಕಣಗಳಲ್ಲಿ ಔಷಧ ಸೇರಿಸಿದ) ವಯಲ್ ಬಂದಿದ್ದರೆ ಈ ಲೆಕ್ಕವೇ ಹೊಂದುವುದಿಲ್ಲ, ಲೇಬಲ್ ಓದಿ. ಎಲ್ಲವನ್ನೂ ಸೂಕ್ಷ್ಮಾಣು ತಡೆಯುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸುವ ಅತಿ ಶಿಸ್ತೂ ಆಂಫೋಟೆರಿಸಿನ್ ವಿಷಯದಲ್ಲಿ ತಿರುಗುಬಾಣ: ಔಷಧವೇ ಫಿಲ್ಟರಿನಲ್ಲಿ ಉಳಿದು ರೋಗಿಗೆ ಬರೀ ನೀರು ಹೋದೀತು.

ಸೋಸಿದ ಗಾಳಿ ಒಂದೇ ದಿಕ್ಕಿಗೆ ಬೀಸುವ ಲ್ಯಾಮಿನಾರ್ ಫ್ಲೋ ಮೇಜು ಇದ್ದರೂ ಸಾಲದು. ಅರ್ಧ ಗಂಟೆ ಮುಂಚೆ ಚಾಲೂ ಮಾಡಿ, 70% ಆಲ್ಕೋಹಾಲ್‌ನಿಂದ ಒರೆಸಿ. ವಯಲ್‌ನ ರಬ್ಬರ್ ಮುಚ್ಚಳ ಒರೆಸಿದ ಮೇಲೆ ಆರಲು ಬಿಡಬೇಕು. ಒದ್ದೆಯಿರುವಾಗಲೇ ಸೂಜಿ ಚುಚ್ಚುವ ಅವಸರ ಬಹಳ ಜನರಿಗೆ. ಗಾಳಿ ಬರುವ ದಿಕ್ಕಿಗೂ ಬಾಟಲಿ ಬಾಯಿಗೂ ನಡುವೆ ಕೈ ಅಡ್ಡ ಬರಬಾರದು.

ದೊಡ್ಡ ಬಾಟಲಿ ಬೇಡ. 1 ಮಿ.ಲೀ.ಗೆ ಸುಮಾರು 20 ಹನಿ, ಗಂಟೆಗೊಂದರಂತೆ ದಿನಕ್ಕೆ 24. ಅಂದರೆ 5 ಮಿ.ಲೀ. ನಾಲ್ಕು ದಿನಕ್ಕೆ ಮುಗಿಯುತ್ತದೆ. ಪ್ರಿಸರ್ವೇಟಿವ್ ಇಲ್ಲದ ಹನಿಗೆ ಅದಕ್ಕಿಂತ ಹೆಚ್ಚು ಆಯಸ್ಸು ಕೊಡಬಾರದು. ಎರಡೂ ಕಣ್ಣಿಗೆ ಹುಣ್ಣಾಗಿದ್ದರೆ ಎರಡು ಬಾಟಲಿ, ಇಡೀ ವಾರ್ಡಿಗೊಂದು ಎಂಬುದಂತೂ ಸೋಂಕು ಹಂಚಿದಂತೆ.

ಆದ್ದರಿಂದ ಜಿಲ್ಲೆಗೊಂದೇ ಕಡೆ, ವಾರಕ್ಕೆರಡು ಸಲ ಮಾಡಿ, ತಾಲ್ಲೂಕುಗಳಿಗೆ ಕಳಿಸುವುದೇ ಲೇಸು. ಮಳೆಗಾಲದಲ್ಲಿ ಶೃಂಗೇರಿ, ಮೂಡಿಗೆರೆ ಕಡೆ ಕರೆಂಟ್ ನಂಬುವಂತಿಲ್ಲ. 2ರಿಂದ 8 ಡಿಗ್ರಿ ಕಾಯಲು ಐಸ್ ಪೆಟ್ಟಿಗೆ ಬೇಕು. ಬಾಟಲಿ ಐಸ್‌ಪ್ಯಾಕಿಗೆ ನೇರ ತಾಗಿ ಹೆಪ್ಪುಗಟ್ಟದಂತೆ ನಡುವೆ ರಟ್ಟು ಇಡಿ. ಆಂಫೋಟೆರಿಸಿನ್‌ಗೆ ಬೆಳಕು ಬೀಳದಂತೆ ಫಾಯಿಲ್ ಸುತ್ತಿ. ಲೇಬಲ್ ಮೇಲೆ ತಯಾರಾದ ದಿನವಷ್ಟೇ ಅಲ್ಲ, ಚೆಲ್ಲಬೇಕಾದ ದಿನವನ್ನೂ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆಯಿರಿ. ಹನಿ ಹಾಕುವುದು ಮನೆಯಲ್ಲಿರುವ ಅಮ್ಮನೋ ಅಜ್ಜಿಯೋ, ಫಾರ್ಮಸಿಸ್ಟ್ ಅಲ್ಲ.