ಮೂರಕ್ಕೂ ನಾಲ್ಕಕ್ಕೂ ನಡುವೆ ಜಾಗವಿಲ್ಲದ ಗ್ರೈಂಡರ್

ಮನೆಬಳಕೆಯ ಕಾಫಿ ಗ್ರೈಂಡರ್‌ನ ಪೆಟ್ಟಿಗೆಯ ಮೇಲೆ 'ಎಸ್ಪ್ರೆಸೊಗೂ ಸೂಕ್ತ' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸುವವರು ಅದೇ ಗ್ರೈಂಡರ್‌ನಲ್ಲಿ ಒಮ್ಮೆಯಾದರೂ ಎಸ್ಪ್ರೆಸೊ ಮಾಡಿ ನೋಡಿದ್ದಾರೆಯೇ ಎಂಬ ಸಂಶಯ ನನಗೆ ಪ್ರತಿದಿನ ಬೆಳಿಗ್ಗೆ ಬರುತ್ತದೆ. ಡಯಲ್‌ನ ಮೇಲೆ 40 ಅಂಕಿಗಳಿವೆ ಎಂಬುದೇ ಅವರ ದೊಡ್ಡ ಜಾಹೀರಾತು. ಅವುಗಳಲ್ಲಿ ಎಸ್ಪ್ರೆಸೊಗೆ ಬೇಕಾದಷ್ಟು ನುಣ್ಣನೆಯ ಪುಡಿ ಸಿಗುವುದು ಮೊದಲ ನಾಲ್ಕೈದರಲ್ಲಿ ಮಾತ್ರ. ಉಳಿದವೆಲ್ಲ ನನ್ನ ಪಾಲಿಗೆ ಬರಿಯ ಅಲಂಕಾರ.

ಸಾಮಾನ್ಯವಾಗಿ ಎಲ್ಲರೂ ಹೇಳುವ ಲೆಕ್ಕದಂತೆ 18 ಗ್ರಾಂ ಪುಡಿಯಿಂದ ಸುಮಾರು 36 ಗ್ರಾಂ ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕು. ನಾಲ್ಕಕ್ಕೆ ಇಟ್ಟರೆ ಅದು 18 ಸೆಕೆಂಡಿನಲ್ಲೇ ಸುರಿದುಹೋಗಿ, ಬಾಯಿಗಿಟ್ಟರೆ ಮುಖ ಹಿಂಡುವಷ್ಟು ಹುಳಿಯಾಗಿರುತ್ತದೆ. ಮೂರಕ್ಕೆ ಇಟ್ಟರೆ 45 ಸೆಕೆಂಡು ತೊಟ್ಟಿಕ್ಕುತ್ತಾ ಕಹಿಯಾಗುತ್ತದೆ. ನನಗೆ ಬೇಕಾದದ್ದು ಇವೆರಡರ ನಡುವೆ ಇದೆ, ಆದರೆ ಡಯಲ್ ಅಲ್ಲಿ ನಿಲ್ಲುವುದಿಲ್ಲ. ಟಕ್ಕೆಂದು ಆಚೆಗೋ ಈಚೆಗೋ ಹೋಗಿ ಕೂರುತ್ತದೆ. ಸುಮಾರು 9 ಬಾರ್ ಒತ್ತಡದಲ್ಲಿ ನೀರು ಒತ್ತಿ ಹಾಯಬೇಕಾದ ಪುಡಿಯಲ್ಲಿ, ಬೀಜ ಅರೆಯುವ ಹಲ್ಲುಚಕ್ರಗಳಾದ ಬರ್‌ಗಳ ಅಂತರ ಒಂದು ಕೂದಲೆಳೆಗಿಂತ ಕಡಿಮೆ ಬದಲಾದರೂ ಹರಿವು ಪೂರ್ತಿ ಬೇರೆಯಾಗುತ್ತದೆ ಎಂಬುದು ಗ್ರೈಂಡರ್ ತಯಾರಿಸುವವರಿಗೆ ತಿಳಿಯದ ವಿಷಯವೇನಲ್ಲ. ಮೆಟ್ಟಿಲುಗಳಿಲ್ಲದೆ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಗ್ರೈಂಡರ್‌ಗಳನ್ನು ಮಾಡುವವರೂ ಇದ್ದಾರಲ್ಲ!

ಪುಡಿಯ ತೂಕವನ್ನು ಅರ್ಧ ಗ್ರಾಂ ಹೆಚ್ಚಿಸಿ, ಕಡಿಮೆ ಮಾಡಿ ಎಂಬ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ. ಅದರಿಂದ ಕೆಲಸ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಹಣ ತೆತ್ತು ತಂದ ಯಂತ್ರದ ಕೊರತೆಯನ್ನು ನಾನು ದಿನವೂ ತಕ್ಕಡಿ ಹಿಡಿದು ತುಂಬಿಕೊಡಬೇಕೇ? ಅದೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ದಿನೇದಿನೇ ಹೊರಬೀಳುವುದರಿಂದ, ಈ ವಾರ ಸರಿಯಾಗಿದ್ದ ಅಂಕಿ ಮುಂದಿನ ವಾರಕ್ಕೆ ಸಲ್ಲುವುದಿಲ್ಲ, ಹೊಸ ಪೊಟ್ಟಣ ಒಡೆದರಂತೂ ಎಲ್ಲವೂ ಮೊದಲಿನಿಂದ. ಇದರ ಮೇಲೆ, ಅಂಕಿ ಬದಲಿಸಿದ ಕೂಡಲೇ ಹೊರಬರುವುದು ಒಳಗೆ ಉಳಿದಿದ್ದ ಹಳೆಯ ಪುಡಿಯೂ ಹೊಸತೂ ಬೆರೆತ ಮಿಶ್ರಣ. ಅದನ್ನು ಚೆಲ್ಲದೆ ಹೊಸ ಅಂಕಿಯ ಗುಣ ತಿಳಿಯದು. ಚೆಲ್ಲಿದರೆ ಒಳ್ಳೆಯ ಬೀಜ ಹಾಳು.

ಕೈಪಿಡಿಯಲ್ಲಿ ಇದಕ್ಕೆಲ್ಲ ಮೀಸಲಿಟ್ಟಿರುವುದು 'ರುಚಿಗೆ ತಕ್ಕಂತೆ ಹೊಂದಿಸಿಕೊಳ್ಳಿ' ಎಂಬ ಒಂದೇ ಸಾಲು. ನುಣುಪಿನ ಕಡೆಗೆ ತಿರುಗಿಸುವಾಗ ಮೋಟರ್ ಓಡುತ್ತಿರಬೇಕು, ಇಲ್ಲವಾದರೆ ಬರ್‌ಗಳ ನಡುವೆ ಬೀಜದ ಚೂರು ಸಿಕ್ಕಿಕೊಳ್ಳುತ್ತದೆ ಎಂಬ ಎಚ್ಚರಿಕೆಯನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಹುಡುಕಿಕೊಳ್ಳಬೇಕು.

ಗ್ರಾಹಕ ಸೇವೆಯವರನ್ನು ಕೇಳಿದಾಗ, ಎಸ್ಪ್ರೆಸೊ ಯಂತ್ರದ ಜೊತೆ ಬಂದಿರುವ ಎರಡು ಪದರದ ಬಾಸ್ಕೆಟ್, ಅಂದರೆ ಪುಡಿ ತುಂಬುವ ಜರಡಿಯಂಥ ಬಟ್ಟಲು, ಬಳಸಿ ಎಂದರು. ಅದರ ತಳದ ಸಣ್ಣ ರಂಧ್ರವೇ ಒತ್ತಡ ಹುಟ್ಟಿಸುತ್ತದೆ, ಪುಡಿ ಹೇಗಿದ್ದರೂ ನೊರೆ ಬರುತ್ತದೆ. ಅಂದರೆ, ಅವರ ಗ್ರೈಂಡರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಪುಡಿಯ ನುಣುಪಿಗೆ ಬೆಲೆಯೇ ಇಲ್ಲದ ಬಾಸ್ಕೆಟ್ ಬೇಕು! ಒಂದು ಅಂಕಿಗೆ ಬರ್‌ಗಳು ಎಷ್ಟು ಮೈಕ್ರಾನ್ ಸರಿಯುತ್ತವೆ ಎಂದು ಕೇಳಿ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ.