ಕ್ಲಿಪ್ ಹಾಕಿದ ಹಲ್ಲಿಗೆ ರಾತ್ರಿಯ ಬ್ರಷ್ಷೇ ಮುಖ್ಯ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದದ್ದೇ ತಡ, ಮಂಗಳೂರು, ಉಡುಪಿ, ಮಣಿಪಾಲದ ಹಲ್ಲಿನ ಡಾಕ್ಟರರ ಹತ್ತಿರ ಕ್ಲಿಪ್ ಹಾಕಿಸುವ ಮಕ್ಕಳ ಸಾಲು ಶುರುವಾಗುತ್ತದೆ. ಎಷ್ಟು ಖರ್ಚು, ಎಷ್ಟು ಸಮಯ, ನೋವು ಉಂಟಾ ಅಂತ ಎಲ್ಲರೂ ಕೇಳುತ್ತಾರೆ. ಇನ್ನು ಮೇಲೆ ಹಲ್ಲುಜ್ಜುವುದು ಹೇಗೆ ಅಂತ ಕೇಳುವವರು ಅಪರೂಪ. ಒಂದೂವರೆ, ಎರಡು ವರ್ಷ ಕಳೆದು ಕ್ಲಿಪ್ ಬಿಚ್ಚಿದಾಗ ಹಲ್ಲೇನೋ ಸಾಲಿಗೆ ಬಂದಿರುತ್ತದೆ. ಆದರೆ ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಪ್ರತಿ ಹಲ್ಲಿಗೂ ಅಂಟಿಸುವ ಪುಟ್ಟ ತುಂಡು, ಅಂಟಿದ್ದ ಚೌಕ ಮಾತ್ರ ಮೊದಲಿನ ಬಣ್ಣದಲ್ಲಿದ್ದು, ಅದರ ಸುತ್ತ, ಅದರಲ್ಲೂ ವಸಡಿನ ಕಡೆ, ಮಂಕು ಬಿಳಿ ಕಲೆ. "ಕ್ಲಿಪ್ ಹಾಕಿ ಹಲ್ಲು ಹಾಳಾಯ್ತು" ಎಂಬ ಮಾತು ಹುಟ್ಟುವುದು ಅಲ್ಲಿಂದ. ಕ್ಲಿಪ್ಪಿನದ್ದು ಎಂತ ತಪ್ಪೂ ಇಲ್ಲ ಮಾರಾಯ್ರೆ. ಅದರ ಸುತ್ತ ಕೂತ ಪಾಚಿಯನ್ನು ಯಾರೂ ತೆಗೆಯಲಿಲ್ಲ, ಅಷ್ಟೆ.

ಬ್ರಾಕೆಟ್ ಅಂಟಿಸುವಾಗ ಅಂಚಿನಿಂದ ಸ್ವಲ್ಪ ಅಂಟು ಹೊರಗೆ ಬರುತ್ತದೆ. ಎಷ್ಟು ಒರೆಸಿದರೂ ಆ ಜಾಗ ಹಲ್ಲಿನ ಹೊರಪದರವಾದ ಎನಾಮೆಲ್‌ನಷ್ಟು ನುಣುಪಾಗುವುದಿಲ್ಲ. ಪಾಚಿ ಮೊದಲು ಹಿಡಿಯುವುದು ಅಲ್ಲಿಯೇ. ಮೊದಲಾದರೆ ತುಟಿ, ಕೆನ್ನೆ, ಜೊಲ್ಲು ಸೇರಿ ಹಲ್ಲಿನ ಎದುರು ಭಾಗವನ್ನು ದಿನವಿಡೀ ಒರೆಸುತ್ತಿದ್ದವು. ಈಗ ತಂತಿ ಅಡ್ಡ ಬಂದಿದೆ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡುತ್ತದೆ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗಲು ಶುರುವಾಗುತ್ತದೆ. ಒಮ್ಮೆ ಸಿಹಿ ತಿಂದರೆ ಬಾಯಿ ಸಮಸ್ಥಿತಿಗೆ ಬರಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಸ್ವಚ್ಛತೆ ತೀರಾ ಕೆಟ್ಟಿದ್ದರೆ ನಾಲ್ಕೇ ವಾರದಲ್ಲಿ ಬಿಳಿ ಕಲೆ ಕಾಣಿಸಬಹುದು. ಮುಂದಿನ ಅಪಾಯಿಂಟ್‌ಮೆಂಟ್ ಬರುವಷ್ಟರಲ್ಲಿ ಹಾನಿ ಆಗಿಯೇ ಹೋಗಿರುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಹಲ್ಲುಜ್ಜಿದ ಮೇಲೆ ಮೇಲಿನ ತುಟಿ ಎತ್ತಿ, ಎದುರಿನ ಎರಡು ದೊಡ್ಡ ಹಲ್ಲಿನ ಪಕ್ಕದ ಸಣ್ಣ ಹಲ್ಲನ್ನು ಟಿಶ್ಯೂ ಪೇಪರಿನಿಂದ ಚೆನ್ನಾಗಿ ಒಣಗಿಸಿ. ಮೊಬೈಲ್ ಟಾರ್ಚ್ ಹಾಕಿ ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಆ ಎರಡು, ಮೂರು ಮಿಲಿಮೀಟರ್ ಜಾಗ ನೋಡಿ. ಹಳದಿ ಮಿಶ್ರಿತ ಬಿಳಿ, ಮೆತ್ತಗಿನ ಪದರ ಉಗುರಿಗೆ ಬಂದರೆ ಅದು ಪಾಚಿ. ಏನೂ ಬಾರದೆ, ಒಣಗಿದಾಗ ಮಾತ್ರ ಹೊಳಪಿಲ್ಲದ ಬಿಳಿ ಕಲೆ ಕಂಡರೆ ಖನಿಜ ಹೋಗಲು ಶುರುವಾಗಿದೆ ಅಂತ ಅರ್ಥ. ಈ ಹಂತದಲ್ಲಿ ತಡೆಯಬಹುದು. ಮೇಲ್ಮೈ ಕುಸಿದು ಗುಳಿ ಬಿದ್ದರೆ ಮತ್ತೆ ಫಿಲ್ಲಿಂಗೇ ಗತಿ.

ಇನ್ನು ರಾತ್ರಿಯ ವಿಷಯ. ನಮ್ಮಲ್ಲಿ ಬೆಳಿಗ್ಗೆ ಎದ್ದು ಬಾಯಿ ತೊಳೆಯುವುದು ಕಡ್ಡಾಯ, ರಾತ್ರಿಯದ್ದು ಮನಸ್ಸಿದ್ದರೆ. ಕ್ಲಿಪ್ ಇರುವವರಿಗೆ ಈ ಲೆಕ್ಕ ಉಲ್ಟಾ ಆಗಬೇಕು. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ತೊಳೆಯಲು ಯಾರೂ ಇಲ್ಲ. ತಂತಿಯಡಿ ಉಳಿದ ಅನ್ನದಗುಳು ಏಳೆಂಟು ಗಂಟೆ ಅಲ್ಲೇ ಇರುತ್ತದೆ. ಪಿಯು ಹಾಸ್ಟೆಲ್ ಮಕ್ಕಳದ್ದು ಇನ್ನೂ ಕಷ್ಟ: ಹನ್ನೊಂದು ಗಂಟೆಗೆ ಬಿಸ್ಕತ್ತು ತಿನ್ನುತ್ತಾ ಓದಿ ಹಾಗೇ ಮಲಗುವುದು. ಹಾಸ್ಟೆಲಿಗೆ ಹೋಗುವ ತಿಂಗಳಲ್ಲೇ ಕ್ಲಿಪ್ ಹಾಕಿಸುವುದಕ್ಕಿಂತ ಎರಡು ತಿಂಗಳು ಮೊದಲೇ ಹಾಕಿಸಿ ಮನೆಯಲ್ಲಿ ರೂಢಿ ಮಾಡಿಸುವುದು ಜಾಣತನ.

ರಾತ್ರಿಯ ಕೆಲಸಕ್ಕೆ ಎಂಟು, ಹತ್ತು ನಿಮಿಷ ಬೇಕು. ಮೊದಲು ಮೇಲಿನ ಮತ್ತು ಕೆಳಗಿನ ಹಲ್ಲಿಗೆ ಸಿಕ್ಕಿಸುವ ರಬ್ಬರ್ ಇದ್ದರೆ ತೆಗೆದಿಡಿ, ನೀರು ಮುಕ್ಕಳಿಸಿ ದೊಡ್ಡ ಚೂರುಗಳನ್ನು ಹೊರಹಾಕಿ. ಆಮೇಲೆ ಇಂಟರ್‌ಡೆಂಟಲ್ ಬ್ರಷ್, ಅಂದರೆ ಬಾಟಲಿ ತೊಳೆಯುವ ಬ್ರಷ್ಷಿನ ಪುಟ್ಟ ರೂಪ. ಅದನ್ನು ಎರಡು ಬ್ರಾಕೆಟ್ ನಡುವೆ, ತಂತಿಯ ಹಿಂದೆ, ಮೇಲಿನಿಂದ ಮೂರು ನಾಲ್ಕು ಸಲ, ಕೆಳಗಿನಿಂದ ಮೂರು ನಾಲ್ಕು ಸಲ ಆಡಿಸಿ ಬ್ರಾಕೆಟ್ಟಿನ ಎರಡೂ ಪಕ್ಕ ಉಜ್ಜಿ. ಒತ್ತಿ ತುರುಕಬಾರದು. ಬಿಗಿಯಾದರೆ ಸಣ್ಣ ಸೈಜು ತೆಗೆದುಕೊಳ್ಳಿ. ರೋಮ ಬಾಗಿದರೆ ಬಿಸಾಡಿ.

ನಂತರ ಮೆತ್ತಗಿನ ರೋಮದ ಸಾಮಾನ್ಯ ಬ್ರಷ್. ನಡುವೆ ತಗ್ಗಿರುವ ಆರ್ಥೊ ಬ್ರಷ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. ಮೊದಲು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣಗೆ ಅಲುಗಿಸಿ. ಆಮೇಲೆ ಬ್ರಾಕೆಟ್ಟಿನ ಮೇಲಂಚಿಗೆ ರೋಮ ಕೆಳಮುಖವಾಗಿ, ಕೆಳಂಚಿಗೆ ಮೇಲ್ಮುಖವಾಗಿ, ಕೊನೆಗೆ ನೇರ ಬ್ರಾಕೆಟ್ಟಿನ ಮೇಲೆ. ಹೆಚ್ಚಿನವರು ಈ ಕೊನೆಯದ್ದನ್ನು ಮಾತ್ರ ಮಾಡುತ್ತಾರೆ. ಲೋಹ ಫಳಫಳ ಹೊಳೆಯುತ್ತದೆ, ವಸಡಿನ ಅಂಚು ಹಾಗೇ ಉಳಿಯುತ್ತದೆ. ಜಗಿಯುವ ಭಾಗ, ಒಳಬದಿ ಮರೆಯಬೇಡಿ. ತಂತಿಗೆ ತಾಗಿ ಬ್ರಷ್ ಬೇಗ ಸವೆಯುವುದರಿಂದ ಎರಡು ತಿಂಗಳಿಗೇ ಬದಲಿಸಬೇಕಾದೀತು.

ಫ್ಲಾಸ್, ಅಂದರೆ ಹಲ್ಲಿನ ಸಂದಿಗೆ ನೂಲು ಹಾಕಿ ತೆಗೆಯುವುದು, ಎಲ್ಲರಿಗೂ ಬೇಸರದ ಕೆಲಸ, ಒಪ್ಪುತ್ತೇನೆ. ತಂತಿ ಇರುವುದರಿಂದ ಮೇಲಿನಿಂದ ನೇರ ಇಳಿಯುವುದಿಲ್ಲ, ಪ್ಲಾಸ್ಟಿಕ್ ಥ್ರೆಡರ್ ಅಥವಾ ತುದಿ ಗಟ್ಟಿಯಾದ ಸೂಪರ್‌ಫ್ಲಾಸ್‌ನಿಂದ ತಂತಿಯಡಿ ತೂರಿಸಬೇಕು. ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಚೂರುಗಳನ್ನು ಚೆನ್ನಾಗಿ ಹಾರಿಸುತ್ತದೆ. ಆದರೆ ಹಲ್ಲಿಗೆ ಅಂಟಿದ ಪಾಚಿ ಉಜ್ಜದೆ ಪೂರ್ತಿ ಹೋಗದು. ಅದನ್ನು ಬ್ರಷ್ಷಿನ ಬದಲಿಗೆ ಅಂತ ಕೊಳ್ಳುವುದಾದರೆ ದುಡ್ಡು ದಂಡ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲೇಬೇಕು, ಸುಮಾರು 1000 ಪಿಪಿಎಂ. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೋಲಾರ, ಪಾವಗಡದ ನೀರಿನ ಸುದ್ದಿ ಓದಿ ಫ್ಲೋರೈಡ್ ಅಂದರೆ ಹೆದರುವವರು ಇಲ್ಲಿಯೂ ಇದ್ದಾರೆ. ಅಲ್ಲಿನ ಕೊಳವೆಬಾವಿಯ ಸಮಸ್ಯೆ ಬೇರೆ. ನಮ್ಮ ಕರಾವಳಿಯ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆಯೇ. ಉಜ್ಜಿದ ಮೇಲೆ ನೊರೆ ಉಗಿದು ಬಿಡಿ, ಚೊಂಬುಗಟ್ಟಲೆ ನೀರು ಮುಕ್ಕಳಿಸಿದರೆ ಫ್ಲೋರೈಡ್ ಬಚ್ಚಲಿಗೆ ಹೋಗುತ್ತದೆ. ಡಾಕ್ಟರ್ ಹೇಳಿದರೆ 0.05 ಶೇಕಡಾ ಸೋಡಿಯಂ ಫ್ಲೋರೈಡ್ ಮೌತ್‌ವಾಶ್ 10 ಮಿ.ಲೀ. ಒಂದು ನಿಮಿಷ, ಬ್ರಷ್ ಮಾಡದ ಹೊತ್ತಿನಲ್ಲಿ, ಉದಾಹರಣೆಗೆ ಕಾಲೇಜಿನಿಂದ ಬಂದು ಕಾಫಿ ಕುಡಿದಾದ ಮೇಲೆ. ನಂತರ ಅರ್ಧ ಗಂಟೆ ಏನೂ ತಿನ್ನಬಾರದು. ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಶ್ ಬೇರೆ, ವಸಡು ಊದಿದಾಗ ಎರಡು ವಾರದ ಮಟ್ಟಿಗೆ ಕೊಡುವಂಥದ್ದು. ಮೆಡಿಕಲ್ಲಿನಿಂದ ತಂದು ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಇದ್ದಿಲಿನ ಪೇಸ್ಟ್, ಬಿಳುಪು ಮಾಡುವ ಪೇಸ್ಟ್ ಈ ಎರಡು ವರ್ಷ ಬೇಡವೇ ಬೇಡ.

ಊಟದ ವಿಷಯದಲ್ಲಿ ನಮ್ಮ ಊರು ಅರ್ಧ ಅನುಕೂಲ, ಅರ್ಧ ಅಪಾಯ. ತಂತಿ ಬಿಗಿ ಮಾಡಿದ ಎರಡು ಮೂರು ದಿನ ನೋವಿರುವಾಗ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪುಂಡಿ ಎಲ್ಲ ಸುಖವಾಗಿ ಇಳಿಯುತ್ತವೆ. ಕೋರಿ ರೊಟ್ಟಿಯನ್ನು ಗರಿಗರಿಯಾಗಿ ಕಚ್ಚಿದರೆ ಬ್ರಾಕೆಟ್ ಎದ್ದು ಬಂದೀತು, ಸಾರಿನಲ್ಲಿ ಪೂರ್ತಿ ನೆನೆಸಿ ತಿನ್ನಿ. ಚಕ್ಕುಲಿ, ಹಲಸಿನ ಹಪ್ಪಳ, ಶೇಂಗಾ ಚಿಕ್ಕಿ, ಸುಕ್ಕದ ಮೂಳೆ ಕಡಿಯುವುದು ಬಿಡಿ. ಪೇರಳೆಯನ್ನು ತೆಳುವಾಗಿ ಹೆಚ್ಚಿ ದವಡೆಯಲ್ಲಿ ಜಗಿಯಿರಿ. ಮಾವಿನ ಗೊರಟು ಚೀಪಿದರೆ ನಾರು ಪ್ರತಿ ಬ್ರಾಕೆಟ್ಟಿಗೂ ಸುತ್ತಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಾವಿನ ರಸ ಒಣಗಿಸಿದ ಮಾಂಬಳ: ಸಕ್ಕರೆಯೂ ಉಂಟು, ಹುಳಿಯೂ ಉಂಟು, ಅಂಟಿದರೆ ಬಿಡುವುದೂ ಇಲ್ಲ. ಗಡ್‌ಬಡ್ ಐಸ್‌ಕ್ರೀಮ್ ತಿನ್ನಲೇಬೇಕಿದ್ದರೆ ಊಟದ ಜತೆಗೇ ತಿಂದು ಮುಗಿಸಿ, ಮಧ್ಯಾಹ್ನದಿಂದ ಸಂಜೆವರೆಗೆ ಸ್ವಲ್ಪ ಸ್ವಲ್ಪ ಸಿಹಿ ಮೆಲ್ಲುವುದು ಅದಕ್ಕಿಂತ ಹೆಚ್ಚು ಹಾನಿ. ಸಾಂಬಾರಿನ ಅರಶಿನ ಬ್ರಾಕೆಟ್ಟಿಗೆ ತಂತಿ ಕಟ್ಟುವ ಪಾರದರ್ಶಕ ರಬ್ಬರನ್ನು ಎರಡು ದಿನದಲ್ಲಿ ಹಳದಿ ಮಾಡುತ್ತದೆ. ಹಲ್ಲಿಗೆ ತೊಂದರೆಯಿಲ್ಲ, ಚಂದಕ್ಕೆ ಮಾತ್ರ. ಬೂದು ಅಥವಾ ಗಾಢ ಬಣ್ಣದ್ದು ಕೇಳಿ.

ಬ್ರಾಕೆಟ್ ಎದ್ದು ತಂತಿಯಲ್ಲಿ ತಿರುಗುತ್ತಿದ್ದರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ, ಫೋನ್ ಮಾಡಿ. ಆ ಹಲ್ಲು ಸರಿಯಾಗಿ ಸರಿಯುವುದಿಲ್ಲ, ಅಡಿಯಲ್ಲಿ ಆಹಾರ ಸೇರುತ್ತದೆ. ದವಡೆ ಹಲ್ಲಿನ ಉಂಗುರ ಸಡಿಲವಾದದ್ದು ಇನ್ನೂ ಅಪಾಯ. ಒಳಗಿನ ಸಿಮೆಂಟು ತೊಳೆದುಹೋಗಿ ಹುಳುಕು ಒಳಗೊಳಗೇ ಬೆಳೆಯುತ್ತದೆ. ತಂತಿ ಚುಚ್ಚಿದರೆ ಆ ಜಾಗ ಒರೆಸಿ, ಕ್ಲಿಪ್ಪಿಗೆಂದೇ ಇರುವ ಮೇಣವನ್ನು ಕಡಲೆ ಕಾಳಿನಷ್ಟು ಉಂಡೆ ಮಾಡಿ ಒತ್ತಿ. ಒದ್ದೆಯಿದ್ದರೆ ಮೇಣ ನಿಲ್ಲುವುದಿಲ್ಲ. ವಸಡಿನಲ್ಲಿ ರಕ್ತ ಬಂತು ಅಂತ ಬ್ರಷ್ ನಿಲ್ಲಿಸುವವರೇ ಹೆಚ್ಚು. ಪಾಚಿ ಇರುವುದಕ್ಕೇ ರಕ್ತ ಬರುವುದು, ನಿಲ್ಲಿಸಿದರೆ ವಸಡು ಊದಿ ಬ್ರಾಕೆಟ್ಟನ್ನೇ ಮುಚ್ಚೀತು. ಎಷ್ಟು ಹೇಳಿದರೂ ಉಜ್ಜದ ಹುಡುಗನ ತಂತಿ ತೆಗೆದು, ಬಾಯಿ ಸರಿಯಾಗುವವರೆಗೆ ಚಿಕಿತ್ಸೆ ನಿಲ್ಲಿಸುವ ಡಾಕ್ಟರರ ಮೇಲೆ ಸಿಟ್ಟಾಗಬೇಡಿ. ಅವರು ಮಾಡುವುದು ಸರಿ.

ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಕೆಳಗಿನ ಎದುರು ಹಲ್ಲಿನ ಹಿಂದೆ ಸಣ್ಣ ತಂತಿ (ರಿಟೇನರ್) ಅಂಟಿಸಿರುತ್ತಾರೆ. ಜೊಲ್ಲಿನ ಗ್ರಂಥಿಯ ಬಾಯಿ ಅಲ್ಲೇ ಇರುವುದರಿಂದ ಗಾರೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪಾಚಿ, ಬೇಗ ಕಟ್ಟುತ್ತದೆ. ಅಲ್ಲಿಗೂ ಥ್ರೆಡರ್ ಬೇಕು, ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಬೇಕು. ತೆಗೆದು ಹಾಕುವ ರಿಟೇನರ್ ಆದರೆ ತಣ್ಣೀರಿನಲ್ಲಿ ಸೋಪು ಹಾಕಿ ಮೆತ್ತಗೆ ಉಜ್ಜಿ, ಬಿಸಿನೀರು ತಾಗಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮದುವೆ ಊಟಕ್ಕೆ ಕೂತಾಗ ಅದನ್ನು ಟಿಶ್ಯೂನಲ್ಲಿ ಸುತ್ತಿ ಎಲೆಯ ಪಕ್ಕ ಇಡಬೇಡಿ. ಎಲೆ ಎತ್ತುವವರಿಗೆ ಅದು ಕಸವೇ. ಡಬ್ಬಿ ಕಿಸೆಯಲ್ಲಿರಲಿ.