ಜೇನುನೊಣ ಅಳಿದರೆ ನಾಲ್ಕೇ ವರ್ಷಕ್ಕೆ ಮನುಷ್ಯ ಇಲ್ಲವಾಗ್ತಾನಾ? ಸತ್ಯಾಂಶ ಇಲ್ಲಿದೆ

"ಜೇನುನೊಣ ಅಳಿದರೆ ಮನುಷ್ಯನಿಗೆ ಉಳಿಯೋದು ನಾಲ್ಕೇ ವರ್ಷ." ಐನ್‌ಸ್ಟೈನ್ ಫೋಟೋ ಹಾಕಿದ ಈ ಮೆಸೇಜ್ ನಿಮಗೂ ಬಂದಿರಬಹುದು. ಅವರು ಹೀಗೆ ಹೇಳಿದ್ದಕ್ಕೆ ದಾಖಲೆಯಿಲ್ಲ. ಅವರು ತೀರಿಕೊಂಡಿದ್ದು 1955ರಲ್ಲಿ. ಈ ಮಾತು ಹೆಚ್ಚು ಹರಡಿದ್ದು 1994ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಜೇನು ಸಾಕಣೆದಾರರ ಪ್ರತಿಭಟನೆಯ ನಂತರ.

ಲೆಕ್ಕವೂ ಸರಿಯಿಲ್ಲ. ಗೋಧಿ, ಜೋಳಕ್ಕೆ ಜೇನುನೊಣ ಬೇಕಿಲ್ಲ. ಭತ್ತಕ್ಕೂ ಅಷ್ಟೇ. ಹಾಗಂತ ನೆಮ್ಮದಿಯಾಗಿ ಕೂರೋ ಹಾಗೂ ಇಲ್ಲ. ಪ್ರಪಂಚದ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು 75% ಬೆಳೆಗಳಿಗೆ ಸ್ವಲ್ಪವಾದರೂ ಪ್ರಾಣಿ-ಕೀಟಗಳ ಪರಾಗಸ್ಪರ್ಶ ಬೇಕು. ಅವು ಹೋದರೆ ತಟ್ಟೆಯಲ್ಲಿ ಹಣ್ಣು, ತರಕಾರಿ, ಬೀಜಗಳು ಕಡಿಮೆಯಾಗುತ್ತವೆ.

ಇನ್ನೊಂದು ವಿಷಯ. ಜೇನು ಕೊಡುವ ಜಾತಿಗಳು ಕಡಿಮೆ. ಇಂಗ್ಲಿಷ್‌ನಲ್ಲಿ 'ಬೀ' ಅನ್ನುವ ಇಡೀ ಬಳಗದಲ್ಲಿ 20,000ಕ್ಕೂ ಜಾಸ್ತಿ ಜಾತಿಗಳಿವೆ, ಬಹುಪಾಲು ಒಂಟಿಯಾಗಿ ಬದುಕುವಂಥವು. ಟೊಮೆಟೊ ಹೂವನ್ನೇ ನೋಡಿ. ಪರಾಗ ಒಂದು ಹಳದಿ ಕೊಳವೆಯೊಳಗೆ ಇರುತ್ತದೆ. ಬಂಬಲ್ ಬೀ ಎಂಬ ದಪ್ಪ, ರೋಮದ ಮೈಯ ನೊಣ ಆ ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯು ನಡುಗಿಸುತ್ತದೆ. ಗುಂಯ್ ಎನ್ನುವ ಆ ಕಂಪನಕ್ಕೆ ಪರಾಗ ಉದುರುತ್ತದೆ. ಸಾಕಿದ ಜೇನುನೊಣಕ್ಕೆ ಈ ಕೆಲಸ ಬರೋದಿಲ್ಲ.

ಆ ಮೆಸೇಜ್‌ನಲ್ಲಿ ನನಗೆ ನಿಜಕ್ಕೂ ಒಪ್ಪಿಗೆಯಾಗದ್ದು ಅದರ ವಾದ. ನಮಗೆ ಉಪಯೋಗ ಇದ್ದರಷ್ಟೇ ಒಂದು ಜೀವ ಉಳಿಯಬೇಕಾ? ನಮ್ಮ ಬೆಳೆಗೆ ಏನೂ ಮಾಡದ ಸಾವಿರಾರು ಜಾತಿಗಳು ಈ ಬಳಗದಲ್ಲಿವೆ. ಅವುಗಳ ಜಾಗ ಕಿತ್ತುಕೊಂಡು ಕೀಟನಾಶಕ ಚೆಲ್ಲಿದವರು ನಾವು ತಾನೆ? ಅವಕ್ಕೂ ನಾವು ಉತ್ತರ ಹೇಳಬೇಕು.